ಬ್ರೌಸರಿನ ಉಗ್ರಾಣಕ್ಕೂ ಬೀಗಮುದ್ರೆಗೂ ಜಗಳವೇ?

ನಿಮ್ಮೂರಿನ ಸಂಘದ್ದೋ, ಶಾಲೆಯದ್ದೋ ಒಂದು ಜಾಲತಾಣ ಇದೆ ಎಂದಿಟ್ಟುಕೊಳ್ಳಿ. ವಿಳಾಸದ ಮುಂದೆ ಎಚ್‌ಟಿಟಿಪಿ ಎಂದಿರುವುದನ್ನು ಎಚ್‌ಟಿಟಿಪಿಎಸ್ ಮಾಡಿಸೋಣ ಎಂದು ಯಾರಾದರೂ ಹೇಳಿದೊಡನೆ ಎದುರಿನಿಂದ ಬರುವ ಮೊದಲ ಮಾತು: “ಬೇಡ ಮಾರಾಯ್ರೆ, ಸೈಟು ನಿಧಾನ ಆಗ್ತದೆ. ಅದರಲ್ಲಿ ಕ್ಯಾಶ್ ಆಗುವುದಿಲ್ಲವಂತೆ. ಓದುವವರ ಡಾಟಾ ಸುಮ್ಮನೆ ಖಾಲಿ.”

ಈ ಮಾತು ಪೂರ್ತಿ ಸುಳ್ಳಲ್ಲ. ಒಂದು ಕಾಲಕ್ಕೆ ನಿಜವಿತ್ತು, ಈಗಲೂ ಒಂದು ಮೂಲೆಯಲ್ಲಿ ನಿಜವಿದೆ. ಆದರೆ ಅದನ್ನು ನಂಬಿ ಬೀಗಮುದ್ರೆಯನ್ನೇ ಬೇಡವೆಂದರೆ ಕಳೆದುಕೊಳ್ಳುವುದು ಹೆಚ್ಚು. ಹೇಗೆ ಎನ್ನುವುದನ್ನು ನೋಡೋಣ.

ಮೊದಲು ಕ್ಯಾಶ್ ಎಂದರೇನು? ದುಡ್ಡಿನ ಕ್ಯಾಶ್ ಅಲ್ಲ, ಉಚ್ಚಾರ ಮಾತ್ರ ಒಂದೇ. ನಿಮ್ಮ ಗಣಕ ಅಥವಾ ಫೋನಿನೊಳಗೆ ಬ್ರೌಸರ್ ಇಟ್ಟುಕೊಂಡಿರುವ ಉಗ್ರಾಣ ಅದು. ಮನೆಯಲ್ಲಿ ಹಾಲು ದಿನಾ ತರುತ್ತೇವೆ, ಉಪ್ಪು ದಿನಾ ತರುವುದಿಲ್ಲ. ಸುದ್ದಿಯ ಜಾಲತಾಣದಲ್ಲಿ ಸುದ್ದಿಯ ಪುಟ ಹಾಲಿದ್ದಂತೆ, ಗಂಟೆಗೊಮ್ಮೆ ಬದಲಾಗುತ್ತದೆ. ತಲೆಬರಹದ ಲಾಂಛನ, ಪುಟದ ಬಣ್ಣ-ಅಳತೆ ಹೇಳುವ ಸಿಎಸ್‌ಎಸ್ ಕಡತ, ಗುಂಡಿಗಳನ್ನು ಕೆಲಸ ಮಾಡಿಸುವ ಜಾವಾಸ್ಕ್ರಿಪ್ಟ್, ಕನ್ನಡದ ಫಾಂಟು... ಇವೆಲ್ಲ ಉಪ್ಪು. ತಿಂಗಳುಗಟ್ಟಲೆ ಹಾಗೇ ಇರುತ್ತವೆ. ಇವಕ್ಕೆ ಸ್ಥಿರ ಕಡತಗಳು ಎನ್ನೋಣ.

ಲೆಕ್ಕ ಹಾಕಿ ನೋಡಿ. ಒಂದು ತಾಣದ ಸ್ಥಿರ ಕಡತಗಳೆಲ್ಲ ಸೇರಿ 400 ಕೆಬಿ ಇವೆ, ಓದುಗರೊಬ್ಬರು ದಿನಕ್ಕೆ ಐದು ಪುಟ ತೆರೆಯುತ್ತಾರೆ ಎಂದುಕೊಳ್ಳಿ. ಉಗ್ರಾಣವೇ ಇಲ್ಲದಿದ್ದರೆ ದಿನಕ್ಕೆ 2 ಎಂಬಿ, ತಿಂಗಳಿಗೆ 60 ಎಂಬಿ ಬರೀ ಲಾಂಛನ-ಫಾಂಟುಗಳಿಗೇ ಹೋಯಿತು. ಉಗ್ರಾಣವಿದ್ದರೆ ಅದೇ 400 ಕೆಬಿ ಒಂದೇ ಸಲ. ಘಾಟಿ ರಸ್ತೆಯ ತಿರುವಿನಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗ ಪುಟ ತೆರೆಯುತ್ತದೆಯೋ ಇಲ್ಲವೋ ಎನ್ನುವುದನ್ನು ನಿರ್ಧರಿಸುವುದು ಈ ವ್ಯತ್ಯಾಸವೇ. ನಮ್ಮ ಲಿಪಿಗಂತೂ ಇದು ಇನ್ನಷ್ಟು ಮುಖ್ಯ. ಒತ್ತಕ್ಷರ, ಗುಣಿತಾಕ್ಷರಗಳ ಆಕಾರಗಳೆಲ್ಲ ಸೇರಬೇಕಾದ್ದರಿಂದ ಕನ್ನಡದ ಫಾಂಟು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಫಾಂಟಿಗಿಂತ ದೊಡ್ಡ ಕಡತ.

ಯಾವುದನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಎಂದು ಬ್ರೌಸರಿಗೆ ಹೇಳುವುದು ಸರ್ವರ್. ಕಡತದ ಜೊತೆಗೇ ಒಂದು ಚೀಟಿ ಕಳಿಸುತ್ತದೆ. 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1ರಿಂದ ಆ ಚೀಟಿಗೆ ‘ಕ್ಯಾಶ್-ಕಂಟ್ರೋಲ್’ ಎಂದು ಹೆಸರು. ‘ಮ್ಯಾಕ್ಸ್-ಏಜ್=3600’ ಎಂದಿದ್ದರೆ 3600 ಸೆಕೆಂಡು, ಅಂದರೆ ಒಂದು ಗಂಟೆಯ ತನಕ ನನ್ನನ್ನು ಕೇಳಲೇಬೇಡ ಎಂದರ್ಥ. ಅವಧಿ ಮುಗಿದ ಮೇಲೂ ಕಡತವನ್ನು ಎಸೆಯಬೇಕಾಗಿಲ್ಲ. ಪ್ರತಿ ಕಡತಕ್ಕೂ ‘ಇಟ್ಯಾಗ್’ ಎಂಬ ಗುರುತು ಕೊಡಬಹುದು. “ನನ್ನ ಬಳಿ ಈ ಗುರುತಿನದ್ದು ಇದೆ, ಬದಲಾಗಿದೆಯೇ?” ಎಂದು ಬ್ರೌಸರ್ ಕೇಳುತ್ತದೆ. ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಸಂಖ್ಯೆಯ ಪುಟ್ಟ ಉತ್ತರ ಕೊಟ್ಟು ಸುಮ್ಮನಾಗುತ್ತದೆ, ಕಡತ ಕಳಿಸುವುದಿಲ್ಲ. ಹೋಗಿಬರುವ ಸಮಯ ಮಾತ್ರ ಖರ್ಚು.

ಚೀಟಿಯೇ ಇಲ್ಲದಿದ್ದರೆ? ಬ್ರೌಸರ್ ತಾನೇ ಅಂದಾಜು ಕಟ್ಟುತ್ತದೆ. ಕೊನೆಯ ಬದಲಾವಣೆಯಾಗಿ ಎಷ್ಟು ದಿನವಾಯಿತೋ ಅದರ ಹತ್ತನೇ ಒಂದು ಭಾಗ ಇಟ್ಟುಕೊಳ್ಳುವುದು ಸಾಮಾನ್ಯ ಪದ್ಧತಿ. 100 ದಿನಗಳ ಹಿಂದೆ ಬದಲಾಯಿಸಿದ ಲಾಂಛನವಾದರೆ 10 ದಿನ. “ನಾನು ಬದಲಾಯಿಸಿದ್ದೇನೆ, ಅವರಿಗೆ ಮಾತ್ರ ಹಳೆಯದೇ ಕಾಣುತ್ತಿದೆ” ಎನ್ನುವ ದೂರುಗಳ ಹಿಂದೆ ಅನೇಕ ಸಲ ಇರುವುದು ಈ ಅಂದಾಜು.

ಇನ್ನು ಬೀಗಮುದ್ರೆ. ಬರೀ ಎಚ್‌ಟಿಟಿಪಿ ಎಂದರೆ ಅಂಚೆಕಾರ್ಡು. ದಾರಿಯಲ್ಲಿ ಯಾರ ಕೈಗೆ ಸಿಕ್ಕರೂ ಓದಬಹುದು, ಒಂದು ಸಾಲು ಸೇರಿಸಲೂಬಹುದು. ಎಚ್‌ಟಿಟಿಪಿಎಸ್ ಎಂದರೆ ಅರಗು ಒತ್ತಿದ ಲಕೋಟೆ. ಇದಕ್ಕೆ ಬಳಸುವ ತಂತ್ರಕ್ಕೆ ಟಿಎಲ್‌ಎಸ್ ಎಂದು ಹೆಸರು. 1990ರ ದಶಕದಲ್ಲಿ ನೆಟ್‌ಸ್ಕೇಪ್ ಕಂಪನಿ ತಂದ ಎಸ್‌ಎಸ್‌ಎಲ್‌ನ ಮುಂದುವರಿದ ರೂಪ ಅದು.

<b>ಹಳೆಯ ಅಪವಾದ ಎಲ್ಲಿಂದ ಬಂತು?</b>

ಬೀಗಮುದ್ರೆಯ ಪುಟ ಎಂದರೆ ಬ್ಯಾಂಕಿನದ್ದೇ ಇರಬೇಕು ಎಂದು ಬ್ರೌಸರುಗಳು ಭಾವಿಸುತ್ತಿದ್ದ ಕಾಲವೊಂದಿತ್ತು. ಫೈರ್‌ಫಾಕ್ಸ್ 3ರ ಹೊತ್ತಿಗೆ ಎಚ್‌ಟಿಟಿಪಿಎಸ್‌ನಲ್ಲಿ ಬಂದ ಕಡತವನ್ನು ಅದು ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಸರ್ವರಿನ ಚೀಟಿಯಲ್ಲಿ ‘ಪಬ್ಲಿಕ್’ ಎಂಬ ಪದ ಸ್ಪಷ್ಟವಾಗಿ ಇದ್ದರೆ ಮಾತ್ರ ಇಡುತ್ತಿತ್ತು. ಆ ಒಂದು ಪದ ಬರೆಯದ ತಾಣಗಳಲ್ಲಿ ಬ್ರೌಸರ್ ಮುಚ್ಚಿ ತೆರೆದಾಗಲೆಲ್ಲ ಲಾಂಛನದಿಂದ ಹಿಡಿದು ಎಲ್ಲವೂ ಮತ್ತೆ ಇಳಿಯುತ್ತಿದ್ದವು. 2011ರ ಮಾರ್ಚಿನಲ್ಲಿ ಬಂದ ಫೈರ್‌ಫಾಕ್ಸ್ 4 ಈ ಪದ್ಧತಿಯನ್ನು ಬಿಟ್ಟಿತು. ಇಂಟರ್ನೆಟ್ ಎಕ್ಸ್‌ಪ್ಲೋರರಿನದ್ದು ಬೇರೆಯೇ ಕಥೆ. ಬೀಗಮುದ್ರೆಯ ಮೂಲಕ ಬರುವ ಪಿಡಿಎಫ್‌ಗೆ ‘ಇಟ್ಟುಕೊಳ್ಳಬೇಡ’ ಎಂಬ ಚೀಟಿ ಇದ್ದರೆ ಅದು ಕಡತವನ್ನು ತೆರೆಯಲಾರದೆ ತಪ್ಪು ತೋರಿಸುತ್ತಿತ್ತು. 9ನೇ ಆವೃತ್ತಿಯಲ್ಲಿ ಅದು ಸರಿಹೋಯಿತು.

ಇವತ್ತಿನ ಬ್ರೌಸರುಗಳಿಗೆ ಉಗ್ರಾಣದ ವಿಷಯದಲ್ಲಿ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎಂಬ ಭೇದ ಇಲ್ಲ. ಚೀಟಿಯಲ್ಲಿ ಏನಿದೆಯೋ ಅದೇ ನಡೆಯುತ್ತದೆ. ಸರ್ವರಿಗೆ ಹೊರೆ ಎನ್ನುವ ಮಾತೂ ಹಳೆಯದು. 2010ರ ಜನವರಿಯಲ್ಲಿ ಗೂಗಲ್ ತನ್ನ ಜಿಮೇಲ್ ಅನ್ನು ಎಲ್ಲರಿಗೂ ಎಚ್‌ಟಿಟಿಪಿಎಸ್ ಮಾಡಿತು. ಅಲ್ಲಿನ ಎಂಜಿನಿಯರ್ ಆಡಂ ಲ್ಯಾಂಗ್ಲಿ ಅದೇ ವರ್ಷ ಕೊಟ್ಟ ಲೆಕ್ಕದ ಪ್ರಕಾರ, ಅದರಿಂದ ಸರ್ವರುಗಳ ಮೇಲೆ ಬಿದ್ದ ಹೆಚ್ಚುವರಿ ಹೊರೆ ಶೇಕಡಾ 1ಕ್ಕಿಂತ ಕಡಿಮೆ, ಜಾಲದ ಮೇಲೆ ಶೇಕಡಾ 2ಕ್ಕಿಂತ ಕಡಿಮೆ.

ಹಾಗಿದ್ದರೆ ಎಚ್‌ಟಿಟಿಪಿಎಸ್‌ಗೆ ಬದಲಾಯಿಸಿದ ಮೊದಲ ದಿನ ಸೈಟು ನಿಧಾನ ಅನ್ನಿಸುವುದೇಕೆ? ಉಗ್ರಾಣದಲ್ಲಿ ಕಡತಗಳನ್ನು ಗುರುತಿಸುವುದು ಪೂರ್ತಿ ವಿಳಾಸದಿಂದ. ವಿಳಾಸದ ಮೊದಲ ಪದ ಬದಲಾದರೆ ಬ್ರೌಸರಿನ ಮಟ್ಟಿಗೆ ಅದು ಹೊಸ ಕಡತ. ಹಾಗಾಗಿ ಒಂದು ಸಲ ಎಲ್ಲವೂ ಮತ್ತೆ ಇಳಿಯುತ್ತದೆ. ಎರಡನೇ ದಿನಕ್ಕೆ ಸರಿ. ಆದರೆ ಮೊದಲ ದಿನದ ಅನುಭವವನ್ನೇ ವರ್ಷಗಟ್ಟಲೆ ಹೇಳಿಕೊಂಡು ತಿರುಗುವವರಿದ್ದಾರೆ!

<b>ನಿಜವಾಗಿ ಕಳೆದುಹೋದದ್ದು</b>

ಇನ್ನೊಂದು ಮುಖವನ್ನೂ ಹೇಳಬೇಕು. ಬ್ರೌಸರಿನ ಉಗ್ರಾಣಕ್ಕೆ ಏನೂ ಆಗಲಿಲ್ಲ, ಆದರೆ ನಡುದಾರಿಯ ಉಗ್ರಾಣ ಮುಚ್ಚಿಹೋಯಿತು. ಕಾಲೇಜು, ಕಚೇರಿ, ಸೈಬರ್ ಕೆಫೆಗಳಲ್ಲಿ ‘ಸ್ಕ್ವಿಡ್’ ಎಂಬ ತಂತ್ರಾಂಶ ಹಾಕಿದ ಒಂದು ಗಣಕ ಇರುತ್ತಿತ್ತು. ಮೂವತ್ತು ಜನ ಒಂದೇ ಪುಟ ಕೇಳಿದರೆ ಒಂದು ಸಲ ತಂದು ಮೂವತ್ತು ಜನರಿಗೆ ಹಂಚುತ್ತಿತ್ತು. ಲಕೋಟೆಗೆ ಅರಗು ಒತ್ತಿದ ಮೇಲೆ ನಡುವಿನವನಿಗೆ ಒಳಗೇನಿದೆ ಎಂದೇ ತಿಳಿಯದು, ಇನ್ನು ಹಂಚುವುದೆಲ್ಲಿ?

2018ರ ಆಗಸ್ಟಿನಲ್ಲಿ ಅಮೆರಿಕದ ವೆಬ್ ವಿನ್ಯಾಸ ತಜ್ಞ ಎರಿಕ್ ಮೇಯರ್ ಉಗಾಂಡದ ಹಳ್ಳಿಯೊಂದರ ಶಾಲೆಯ ಅನುಭವದ ಬಗ್ಗೆ ಬರೆದರು. ಅಲ್ಲಿ ಇಂಟರ್ನೆಟ್ ಬರುವುದು ಉಪಗ್ರಹದಿಂದ, ತಿಂಗಳಿಗೆ ಇಷ್ಟೇ ಡಾಟಾ ಎಂಬ ಮಿತಿ ಬೇರೆ. ನಡುವೆ ಇಟ್ಟ ಕ್ಯಾಶ್ ಸರ್ವರೇ ಅವರಿಗೆ ಆಸರೆಯಾಗಬೇಕಿತ್ತು. ತಾಣಗಳು ಒಂದೊಂದಾಗಿ ಎಚ್‌ಟಿಟಿಪಿಎಸ್ ಆಗುತ್ತಾ ಹೋದಂತೆ ಆ ಸರ್ವರ್ ಉಪಯೋಗಕ್ಕೆ ಬಾರದಾಯಿತು. ಸುರಕ್ಷೆಯ ಹೆಸರಿನಲ್ಲಿ ಬಡ ಸಂಪರ್ಕದವರನ್ನು ದೂರ ಮಾಡುತ್ತಿದ್ದೇವಲ್ಲ ಎನ್ನುವುದು ಅವರ ಅಳಲಾಗಿತ್ತು.

ಉಪಗ್ರಹದ ಸಂಪರ್ಕ ಎಷ್ಟು ನಿಧಾನ ಎನ್ನುವುದಕ್ಕೆ ಕಾರಣ ಸರಳ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಪ್ರಶ್ನೆ ಮೇಲೆ ಹೋಗಿ ಕೆಳಗಿಳಿಯಬೇಕು, ಉತ್ತರವೂ ಹಾಗೆಯೇ. ಬೆಳಕಿನ ವೇಗದಲ್ಲಿ ಓಡಿದರೂ ಒಂದು ಪ್ರಶ್ನೋತ್ತರಕ್ಕೆ ಹೆಚ್ಚುಕಡಿಮೆ ಅರ್ಧ ಸೆಕೆಂಡು. ಸಂಪರ್ಕ ಜೋಡಿಸಲು ಒಂದು ಸುತ್ತು, ಹಳೆಯ ಟಿಎಲ್‌ಎಸ್ 1.2ರ ಪರಿಚಯ ವಿನಿಮಯಕ್ಕೆ ಎರಡು ಸುತ್ತು. ಪುಟದ ಮೊದಲ ಅಕ್ಷರ ಕೇಳುವ ಮೊದಲೇ ಒಂದೂವರೆ ಸೆಕೆಂಡು ಹೋಯಿತು. 2018ರ ಆಗಸ್ಟಿನಲ್ಲೇ ಪ್ರಕಟವಾದ ಟಿಎಲ್‌ಎಸ್ 1.3 ಇದರಲ್ಲಿ ಒಂದು ಸುತ್ತನ್ನು ಉಳಿಸಿತು. ನಿಮ್ಮ ಸರ್ವರಿನಲ್ಲಿ ಅದು ಇದೆಯೇ ಎಂದು ಹೋಸ್ಟಿಂಗ್ ಕಂಪನಿಯವರನ್ನು ಒಮ್ಮೆ ಕೇಳಿ.

ಮೇಯರ್ ಅವರ ಅಳಲು ನ್ಯಾಯವಾದದ್ದೇ. ಆದರೆ ಆ ನಡುದಾರಿಯವರನ್ನು ನಾವು ನಂಬುವಂತಿತ್ತೇ? ಅದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಸಿಕ್ಕಿತ್ತು.

2015ರ ಜೂನ್‌ನಲ್ಲಿ ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ.ಎನ್. ಏರ್‌ಟೆಲ್ 3ಜಿ ಮೂಲಕ ತೆರೆದ ಪುಟದಲ್ಲಿ, ಆ ಪುಟ ಬರೆದವರು ಹಾಕಿರದ ಜಾವಾಸ್ಕ್ರಿಪ್ಟ್ ತುಣುಕೊಂದು ಸೇರಿಕೊಂಡಿರುವುದನ್ನು ಪತ್ತೆ ಹಚ್ಚಿ ಸಾಕ್ಷಿಸಹಿತ ಗಿಟ್‌ಹಬ್‌ನಲ್ಲಿ ಹಾಕಿದರು. ಸ್ವಲ್ಪ ದಿನದಲ್ಲೇ ಇಸ್ರೇಲಿನ ಫ್ಲಾಶ್ ನೆಟ್‌ವರ್ಕ್ಸ್ ಕಂಪನಿಯ ಪರವಾಗಿ ಅವರಿಗೆ ವಕೀಲರ ನೋಟಿಸು ಬಂತು. ಗ್ರಾಹಕರಿಗೆ ತಮ್ಮ ಡಾಟಾ ಬಳಕೆ ತಿಳಿಸಲು ನಡೆಸಿದ ಪ್ರಯೋಗ ಅದು ಎಂಬುದು ಏರ್‌ಟೆಲ್‌ನ ವಿವರಣೆಯಾಗಿತ್ತು. ಉದ್ದೇಶ ಏನೇ ಇರಲಿ, ಅಂಚೆಯಣ್ಣ ನಮ್ಮ ಕಾರ್ಡಿನಲ್ಲಿ ತನ್ನದೊಂದು ಸಾಲು ಬರೆಯಬಲ್ಲ ಎನ್ನುವುದು ಗೊತ್ತಾಯಿತಲ್ಲ!

ಈಗ ಉಗ್ರಾಣವನ್ನು ನೆನಪಿಸಿಕೊಳ್ಳಿ. ಹಾಲು ಕೆಟ್ಟರೆ ಒಂದು ದಿನದ ನಷ್ಟ. ಉಪ್ಪಿನ ಡಬ್ಬಕ್ಕೆ ಯಾರಾದರೂ ಕಲಬೆರಕೆ ಮಾಡಿದರೆ? ವರ್ಷವಿಡೀ ಅದನ್ನೇ ಉಣ್ಣಬೇಕು. ಉಗ್ರಾಣಕ್ಕೆ ಒಳ್ಳೆಯದು ಕೆಟ್ಟದು ಗೊತ್ತಿಲ್ಲ, ಹಾಕಿದ್ದನ್ನು ಹೇಳಿದಷ್ಟು ದಿನ ಇಟ್ಟುಕೊಳ್ಳುತ್ತದೆ. ದಾರಿಯಲ್ಲಿ ತಿದ್ದಿದ ಜಾವಾಸ್ಕ್ರಿಪ್ಟ್ ಕಡತಕ್ಕೆ ‘ಒಂದು ವರ್ಷ ಇಟ್ಟುಕೋ’ ಎಂಬ ಚೀಟಿ ಅಂಟಿಸಿ ಕಳಿಸಿದರೆ, ನೀವು ಆ ಹಾಳು ವೈಫೈ ಬಿಟ್ಟು ಮನೆಗೆ ಬಂದ ಮೇಲೂ ಅದೇ ಕಡತ ಓಡುತ್ತಿರುತ್ತದೆ.

ಇದು ಊಹೆಯಲ್ಲ. 2016ರ ನವೆಂಬರಿನಲ್ಲಿ ಸ್ಯಾಮಿ ಕಾಮ್ಕರ್ ಎಂಬ ಅಮೆರಿಕದ ಸುರಕ್ಷಾ ಸಂಶೋಧಕ ‘ಪಾಯ್ಸನ್‌ಟ್ಯಾಪ್’ ಎಂಬುದನ್ನು ಮಾಡಿ ತೋರಿಸಿದ. 5 ಡಾಲರಿನ ರಾಸ್ಪ್‌ಬೆರಿ ಪೈ ಝೀರೋ ಎಂಬ ಬೆರಳುದ್ದದ ಗಣಕ ಅದು. ಪಾಸ್‌ವರ್ಡ್ ಹಾಕಿ ಲಾಕ್ ಮಾಡಿಟ್ಟ ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚಿದರೆ ತಾನೇ ಇಂಟರ್ನೆಟ್ ಎಂದು ನಟಿಸುತ್ತದೆ. ಬ್ರೌಸರ್ ಒಂದು ತೆರೆದಿದ್ದರೆ ಸಾಕು, ಲಕ್ಷಗಟ್ಟಲೆ ತಾಣಗಳ ಹೆಸರಿನಲ್ಲಿ ವಿಷ ಬೆರೆಸಿದ ಕಡತಗಳನ್ನು ಅದರ ಉಗ್ರಾಣಕ್ಕೆ ತುಂಬುತ್ತದೆ. ಸಾಧನ ಕಿತ್ತುಕೊಂಡು ಹೋದ ಮೇಲೂ ಅವು ಉಳಿಯುತ್ತವೆ. ಸರಿಯಾಗಿ ಎಚ್‌ಟಿಟಿಪಿಎಸ್ ಹಾಕಿಕೊಂಡ ತಾಣಗಳ ಹೆಸರಿನಲ್ಲಿ ಮಾತ್ರ ಈ ಆಟ ನಡೆಯಲಿಲ್ಲ.

ಆದ್ದರಿಂದ ನಿಧಾನವಾದೀತು ಎಂದು ಬೀಗಮುದ್ರೆ ಬಿಡುವುದು ತಲೆಕೆಳಗಾದ ಲೆಕ್ಕ. ಹೆಚ್ಚು ಕಾಲ ಇಟ್ಟುಕೊಳ್ಳುವ ವಸ್ತುವಿಗೇ ಬೀಗಮುದ್ರೆ ಹೆಚ್ಚು ಅಗತ್ಯ. ಬ್ರೌಸರ್ ಮಾಡುವವರಿಗೂ ಇದು ಗೊತ್ತು. ‘ಈ ಕಡತ ಎಂದಿಗೂ ಬದಲಾಗದು, ರೀಲೋಡ್ ಒತ್ತಿದರೂ ನನ್ನನ್ನು ಕೇಳಬೇಡ’ ಎಂದು ಹೇಳುವ ‘ಇಮ್ಯೂಟಬಲ್’ ಎಂಬ ಪದವನ್ನು 2016ರಲ್ಲಿ ಫೈರ್‌ಫಾಕ್ಸ್ 49 ಒಪ್ಪಿಕೊಂಡಿತು, ಆದರೆ ಎಚ್‌ಟಿಟಿಪಿಎಸ್‌ನಲ್ಲಿ ಬಂದ ಕಡತಕ್ಕೆ ಮಾತ್ರ. ಸಂಪರ್ಕ ಕಡಿದರೂ ಪುಟ ತೋರಿಸಬಲ್ಲ ‘ಸರ್ವಿಸ್ ವರ್ಕರ್’ ಎಂಬ ಸೌಲಭ್ಯಕ್ಕೂ ಅದೇ ಷರತ್ತು. ಸಿಗ್ನಲ್ ಇಲ್ಲದ ಊರಿನವರಿಗೆ ಅತ್ಯಂತ ಉಪಯೋಗದ ಸೌಲಭ್ಯ ಬೀಗಮುದ್ರೆ ಇಲ್ಲದ ತಾಣಕ್ಕೆ ಸಿಗುವುದೇ ಇಲ್ಲ!

<b>ಹೊಂದಿಸುವುದು ಹೇಗೆ?</b>

ಪ್ರಮಾಣಪತ್ರಕ್ಕೆ ದುಡ್ಡು ಕೊಡಬೇಕೆಂಬ ತೊಡಕು 2015ರ ಡಿಸೆಂಬರಿನಲ್ಲಿ ‘ಲೆಟ್ಸ್ ಎನ್‌ಕ್ರಿಪ್ಟ್’ ಎಲ್ಲರಿಗೂ ತೆರೆದುಕೊಂಡಾಗಲೇ ಮುಗಿಯಿತು. ಅದು ಉಚಿತ, ತಾನಾಗಿ ನವೀಕರಣವಾಗುವಂತೆಯೂ ಮಾಡಬಹುದು. ಉಳಿದದ್ದು ಚೀಟಿ ಬರೆಯುವ ಕೆಲಸ.

ಸ್ಥಿರ ಕಡತಗಳಿಗೆ ಹೀಗೆ ಬರೆಸಿ: ‘ಕ್ಯಾಶ್-ಕಂಟ್ರೋಲ್: ಪಬ್ಲಿಕ್, ಮ್ಯಾಕ್ಸ್-ಏಜ್=31536000, ಇಮ್ಯೂಟಬಲ್’. ಆ ದೊಡ್ಡ ಸಂಖ್ಯೆ ಒಂದು ವರ್ಷದ ಸೆಕೆಂಡುಗಳು. (ಸರ್ವರಿನಲ್ಲಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು ಎಂದು ಬೇರೆ ಹೇಳಬೇಕಿಲ್ಲ ತಾನೇ?) ಇಮ್ಯೂಟಬಲ್ ಅರ್ಥವಾಗದ ಬ್ರೌಸರ್ ಅದನ್ನು ಬಿಟ್ಟು ಉಳಿದದ್ದನ್ನು ಪಾಲಿಸುತ್ತದೆ, ನಷ್ಟವಿಲ್ಲ.

ಒಂದು ವರ್ಷ ಎಂದ ಮೇಲೆ ನಡುವೆ ಲಾಂಛನ ಬದಲಾದರೆ ಏನು ಗತಿ? ಇಲ್ಲೇ ಹೆಚ್ಚಿನವರು ಎಡವುವುದು. ಒಮ್ಮೆ ಓದುಗರ ಉಗ್ರಾಣ ಸೇರಿದ ಕಡತವನ್ನು ವಾಪಸ್ ಕರೆಸಿಕೊಳ್ಳಲು ಸುಲಭದ ದಾರಿ ಇಲ್ಲ. ಅದಕ್ಕೇ ನಿಯಮ ಏನೆಂದರೆ, ಹಳೆಯ ಹೆಸರಿನ ಮೇಲೆ ಹೊಸ ಕಡತವನ್ನು ಎಂದೂ ಹೇರಬಾರದು. ಲಾಂಛನ-1 ಇದ್ದದ್ದು ಬದಲಾದಾಗ ಲಾಂಛನ-2 ಎಂಬ ಹೊಸ ಹೆಸರಿನಲ್ಲಿ ಬರಲಿ, ಪುಟದಲ್ಲಿ ಹೊಸ ಹೆಸರು ಬರೆಯಲಿ. ಬ್ರೌಸರ್ ತನ್ನಷ್ಟಕ್ಕೆ ಹೊಸದನ್ನು ತರುತ್ತದೆ. ದೊಡ್ಡ ತಾಣಗಳಲ್ಲಿ ಕಡತದ ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿದ ಅಂಕೆ-ಅಕ್ಷರಗಳ ಸರಣಿಯನ್ನು ಹೆಸರಿಗೆ ಸೇರಿಸುತ್ತಾರೆ, ಒಂದು ಚುಕ್ಕೆ ಬದಲಾದರೂ ಹೆಸರು ತಾನೇ ಬದಲಾಗುತ್ತದೆ. ಏರಿಸುವಾಗ ಮೊದಲು ಹೊಸ ಕಡತ, ಆಮೇಲೆ ಪುಟ. ಹಳೆಯ ಕಡತಗಳನ್ನು ಸ್ವಲ್ಪ ದಿನ ಅಳಿಸಬೇಡಿ, ಬೆಳಿಗ್ಗೆ ತೆರೆದ ಪುಟವನ್ನು ಸಂಜೆ ಓದುವವರೂ ಇರುತ್ತಾರೆ.

ಸುದ್ದಿಯ ಪುಟಕ್ಕೆ ‘ನೋ-ಕ್ಯಾಶ್’ ಸಾಕು. ಈ ಹೆಸರು ಇಟ್ಟವರಿಗೆ ನಮಸ್ಕಾರ ಹೇಳಬೇಕು! ಅದರ ಅರ್ಥ ‘ಇಟ್ಟುಕೊಳ್ಳಬೇಡ’ ಎಂದಲ್ಲ. ಇಟ್ಟುಕೋ, ಆದರೆ ಪ್ರತಿ ಸಲ ನನ್ನನ್ನು ಕೇಳಿ ತೋರಿಸು ಎಂದು. ಬದಲಾಗಿಲ್ಲದಿದ್ದರೆ 304 ಬರುತ್ತದೆ. ನಿಜವಾಗಿಯೂ ಇಟ್ಟುಕೊಳ್ಳಬಾರದು ಎನ್ನಲು ‘ನೋ-ಸ್ಟೋರ್’ ಎಂಬ ಬೇರೆ ಪದ ಇದೆ. ಲಾಗಿನ್ ಆದ ಮೇಲಿನ ಪುಟ, ಅಂಕಪಟ್ಟಿ, ಹಣ ಪಾವತಿಯ ರಸೀತಿ ಇವಕ್ಕೆಲ್ಲ ಅದೇ ಬೇಕು. ಏಕೆಂದರೆ ಎಚ್‌ಟಿಟಿಪಿಎಸ್ ಕಾಯುವುದು ದಾರಿಯನ್ನು, ಮನೆಯನ್ನಲ್ಲ. ಲಕೋಟೆ ಒಡೆದ ಮೇಲೆ ಕಾಗದ ಉಗ್ರಾಣದಲ್ಲಿ ಬಿಚ್ಚಿಕೊಂಡೇ ಇರುತ್ತದೆ. ನಾಲ್ಕು ಜನ ಬಳಸುವ ಗಣಕದಲ್ಲಿ ಇದನ್ನು ಮರೆತರೆ ಕಷ್ಟ.

ನಡುದಾರಿಯ ಉಗ್ರಾಣದ ಜಾಗಕ್ಕೆ ಈಗ ಸಿಡಿಎನ್ ಬಂದಿದೆ. ಓದುಗರಿಗೆ ಹತ್ತಿರದ ಊರಿನಲ್ಲಿ ಪ್ರತಿ ಇಟ್ಟುಕೊಂಡು ಹಂಚುವ ಸೇವೆ ಅದು. ವ್ಯತ್ಯಾಸ ಏನೆಂದರೆ ಇಲ್ಲಿ ನಡುವಿನವನಿಗೆ ಬೀಗದಕೈ ಕೊಡುವುದು ನೀವೇ, ಗೊತ್ತಿದ್ದೇ. ಎರಡು ಎಚ್ಚರಿಕೆ ಬೇಕು. ಓದುಗರಿಂದ ಸಿಡಿಎನ್ ತನಕ ಬೀಗಮುದ್ರೆ ಇದ್ದು, ಅಲ್ಲಿಂದ ನಿಮ್ಮ ಸರ್ವರಿಗೆ ಬರೀ ಎಚ್‌ಟಿಟಿಪಿ ಇರುವ ಅರೆಬರೆ ವ್ಯವಸ್ಥೆ ಬೇಡ. ಅರ್ಧ ದಾರಿ ಅಂಚೆಕಾರ್ಡೇ ಆಯಿತಲ್ಲ. ಇನ್ನೊಂದು, ಯಾವುದನ್ನು ಹಂಚಬಾರದು ಎಂದು ‘ಪ್ರೈವೇಟ್’ ಪದದಿಂದ ಹೇಳಿರಬೇಕು. 2015ರ ಕ್ರಿಸ್‌ಮಸ್ ದಿನ ಸ್ಟೀಮ್ ಎಂಬ ಆಟಗಳ ಅಂಗಡಿಯಲ್ಲಿ ಒಬ್ಬರ ಖಾತೆಯ ಪುಟ ಇನ್ನೊಬ್ಬರಿಗೆ ಕಾಣತೊಡಗಿತು. ದಾಳಿಯ ದಟ್ಟಣೆ ತಡೆಯಲು ತರಾತುರಿಯಲ್ಲಿ ಬದಲಾಯಿಸಿದ ಕ್ಯಾಶ್ ನಿಯಮ ಅದಕ್ಕೆ ಕಾರಣ. ಸುಮಾರು 34 ಸಾವಿರ ಬಳಕೆದಾರರ ಮಾಹಿತಿ ಹೀಗೆ ಕಂಡಿರಬಹುದು ಎಂದು ಅದರ ಒಡೆಯ ಕಂಪನಿ ವಾಲ್ವ್ ಹೇಳಿತು. ಚೀಟಿ ತಪ್ಪಿದರೆ ಅರಗು ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ಫಾಂಟು, ಜೆಕ್ವೆರಿ ಮುಂತಾದವನ್ನು ಬೇರೆಯವರ ಸರ್ವರಿನಿಂದ ತರಿಸಿದರೆ ಓದುಗರ ಉಗ್ರಾಣದಲ್ಲಿ ಅದು ಮೊದಲೇ ಇರುತ್ತದೆ, ಉಳಿತಾಯ ಎಂಬ ಸಲಹೆ ಹಿಂದೆ ಇತ್ತು. ಈಗ ಅದು ಹಳಸಿದೆ. ಯಾವ ಕಡತ ಉಗ್ರಾಣದಲ್ಲಿದೆ ಎಂದು ಸಮಯ ಅಳೆದು, ನೀವು ಎಲ್ಲೆಲ್ಲಿ ಹೋಗಿದ್ದಿರಿ ಎಂದು ಇತರ ತಾಣಗಳು ಪತ್ತೆ ಮಾಡುತ್ತಿದ್ದವು. ಅದನ್ನು ತಡೆಯಲು ಬ್ರೌಸರುಗಳು ತಾಣಕ್ಕೊಂದು ಪ್ರತ್ಯೇಕ ಕೋಣೆ ಮಾಡಿದವು. 2013ರಲ್ಲೇ ಸಫಾರಿ, 2020ರಲ್ಲಿ ಕ್ರೋಮ್ 86, 2021ರ ಜನವರಿಯಲ್ಲಿ ಫೈರ್‌ಫಾಕ್ಸ್ 85. ಹಾಗಾಗಿ ಫಾಂಟನ್ನು ನಿಮ್ಮ ಸರ್ವರಿನಲ್ಲೇ ಇಡುವುದು ಒಳ್ಳೆಯದು.

ಹಳೆಯ ಪುಟಗಳಲ್ಲಿ ಚಿತ್ರ, ಸ್ಕ್ರಿಪ್ಟುಗಳ ವಿಳಾಸ ಎಚ್‌ಟಿಟಿಪಿ ಎಂದೇ ಉಳಿದಿದ್ದರೆ ಅವನ್ನೂ ತಿದ್ದಿಸಿ. ಬೀಗಮುದ್ರೆಯ ಪುಟದೊಳಗೆ ಮುದ್ರೆ ಇಲ್ಲದ ಸ್ಕ್ರಿಪ್ಟು ಬಂದರೆ 2013ರ ಫೈರ್‌ಫಾಕ್ಸ್ 23ರಿಂದಲೂ ಬ್ರೌಸರ್ ತಡೆಯುತ್ತದೆ, ಗುಂಡಿ ಒತ್ತಿದರೆ ಏನೂ ಆಗದೆ ಓದುಗರು ಬೈದುಕೊಳ್ಳುತ್ತಾರೆ.

ಎಲ್ಲ ಮಾಡಿಸಿದ ಮೇಲೆ ಪರೀಕ್ಷೆ ಮಾಡುವುದು ಸುಲಭ. ಗಣಕದಲ್ಲಿ ಕ್ರೋಮ್ ತೆರೆದು ಎಫ್12 ಒತ್ತಿ, ‘ನೆಟ್‌ವರ್ಕ್’ ಎಂಬಲ್ಲಿಗೆ ಹೋಗಿ. ‘ಡಿಸೇಬಲ್ ಕ್ಯಾಶ್’ ಎಂಬಲ್ಲಿ ಗುರುತು ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಪರೀಕ್ಷೆಯೇ ತಪ್ಪಾಗುತ್ತದೆ. ನಿಮ್ಮ ತಾಣದ ಒಂದು ಪುಟ ತೆರೆಯಿರಿ, ಆಮೇಲೆ ಅಲ್ಲಿಂದ ಇನ್ನೊಂದು ಪುಟಕ್ಕೆ ಹೋಗಿ. ಲಾಂಛನ, ಸಿಎಸ್‌ಎಸ್, ಫಾಂಟುಗಳ ಎದುರು ಗಾತ್ರದ ಬದಲು ‘ಡಿಸ್ಕ್ ಕ್ಯಾಶ್’ ಅಥವಾ ‘ಮೆಮೊರಿ ಕ್ಯಾಶ್’ ಎಂದು ಕಂಡರೆ ಉಗ್ರಾಣ ಕೆಲಸ ಮಾಡುತ್ತಿದೆ. ಎಲ್ಲದರ ಎದುರೂ 304 ಇದ್ದರೆ ಪ್ರತಿ ಕಡತಕ್ಕೂ ಒಂದೊಂದು ಸುತ್ತು ಓಡಾಟ ನಡೆಯುತ್ತಿದೆ, ಮ್ಯಾಕ್ಸ್-ಏಜ್ ಬರೆದಿಲ್ಲ ಎಂದರ್ಥ. ಮತ್ತೆ ಕೆಬಿಗಳ ಲೆಕ್ಕವೇ ಕಂಡರೆ, ಸೈಟು ಮಾಡಿಕೊಟ್ಟವರಿಗೆ ಫೋನು ಮಾಡಿ.